ಗದ್ದೆ ಕ್ರಿಕೆಟ್, ಬಾಣೆ ಫುಟ್‌ಬಾಲ್: ನಿಮ್ಮ ಊರಿನ ಹಳೆಯ ನಿಯಮಗಳು ಹೇಗಿದ್ದವು?

ನಾಲ್ಕುನಾಡಿನವನು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ನಾಪೋಕ್ಲು ಕಡೆಯವನು, ಈಗ ಮೈಸೂರಿನಲ್ಲಿದ್ದೇನೆ. ನಮ್ಮೂರಿನ ಯುವಕ ಸಂಘದವರು ಬರುವ ಏಪ್ರಿಲ್ ರಜೆಯಲ್ಲಿ ಒಂದು ದಿನ ಕ್ರಿಕೆಟ್, ಒಂದು ದಿನ ಫುಟ್‌ಬಾಲ್ ಪಂದ್ಯಗಳನ್ನು ಎಂಬತ್ತರ ದಶಕದಲ್ಲಿ ನಮ್ಮ ವಯಸ್ಸಿನವರು ಆಡುತ್ತಿದ್ದ ಕ್ರಮದಲ್ಲಿಯೇ ನಡೆಸಬೇಕೆಂದು ನಿಶ್ಚಯಿಸಿದ್ದಾರೆ. ಆಗಿನ ನಿಯಮಗಳನ್ನು ಬರೆದುಕೊಡುವ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ಬರೆಯಲು ಕುಳಿತಾಗ ಒಂದು ಮಾತು ಸ್ಪಷ್ಟವಾಯಿತು: ನಮಗೆ ನಿಯಮ ಎಂದು ಯಾರೂ ಏನನ್ನೂ ಕಲಿಸಿರಲಿಲ್ಲ. ಗದ್ದೆಯ ಬದು, ಪಕ್ಕದ ಕಾಫಿ ತೋಟ, ಮಳೆ ಮತ್ತು ಚೆಂಡಿನ ಬೆಲೆ ಇವುಗಳೇ ನಮ್ಮ ಆಟವನ್ನು ಕಟ್ಟಿದ್ದವು. ಬೇರೆ ಊರುಗಳಲ್ಲಿ ನೆಲ ಬೇರೆಯಾದುದರಿಂದ ಆಟವೂ ಬೇರೆಯೇ ಇದ್ದಿರಬೇಕು ಎಂಬ ಅನುಮಾನದಿಂದ ಇಲ್ಲಿ ಕೇಳುತ್ತಿದ್ದೇನೆ.

ನಮ್ಮಲ್ಲಿ ಎರಡು ಆಟಗಳಿಗೂ ಎರಡು ಕಾಲಗಳಿದ್ದವು. 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಭಾರತ 183 ರನ್ನಿಗೆ ಆಲೌಟಾಗಿಯೂ ವೆಸ್ಟ್ ಇಂಡೀಸನ್ನು 140ಕ್ಕೆ ಮುಗಿಸಿ ವಿಶ್ವಕಪ್ ಗೆದ್ದಾಗ ನಾವು ರೇಡಿಯೋದ ಸುತ್ತ ಕುಳಿತಿದ್ದೆವು; ಹೊರಗೆ ಆರಿದ್ರಾ ಮಳೆ ಬಿಡದೆ ಸುರಿಯುತ್ತಿತ್ತು. ಆಗ ಊರಿನ ಹುಡುಗರೆಲ್ಲ ಕಪಿಲ್‌ದೇವ್ ಆಗಲು ಸಿದ್ಧರಾಗಿದ್ದರೂ ಆಡಲು ಜಾಗವಿರಲಿಲ್ಲ. ಗದ್ದೆಗಳಲ್ಲಿ ಸಸಿಮಡಿ ಎದ್ದಿತ್ತು, ಜುಲೈಯಲ್ಲಿ ನಾಟಿ ಆರಂಭವಾಯಿತು, ಹುತ್ತರಿ ಹಬ್ಬದಲ್ಲಿ ಕದಿರು ತೆಗೆದು, ಕೊಯ್ಲು ಮುಗಿದು, ನೆಲ ಒಣಗುವ ಹೊತ್ತಿಗೆ ಜನವರಿ ಬಂದಿತ್ತು. ವಿಶ್ವಕಪ್ಪಿನ ಉತ್ಸಾಹವನ್ನು ಅರ್ಧ ವರ್ಷ ಮನೆಯೊಳಗೇ ಇಟ್ಟುಕೊಂಡವರು ನಾವು. ಆದರೆ 1986ರ ಜೂನ್ 22ರಂದು ಮೆಕ್ಸಿಕೋದಲ್ಲಿ ಮರಡೋನಾ ಇಂಗ್ಲೆಂಡಿನ ವಿರುದ್ಧ ಹೊಡೆದ ಎರಡು ಗೋಲುಗಳ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಕಾಯುವ ಪ್ರಮೇಯವೇ ಇರಲಿಲ್ಲ. ಅದೇ ವಾರ ಶಾಲೆಯ ಮೈದಾನದ ಕೆಸರಿನಲ್ಲಿ ಎರಡನ್ನೂ ಅನುಕರಿಸಿದೆವು, ಕೈಯಿಂದ ಹೊಡೆದ ಗೋಲನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಜಗಳವನ್ನೂ ಆಡಿದೆವು. ಹೀಗಾಗಿ ನಮ್ಮ ಪಾಲಿಗೆ ಕ್ರಿಕೆಟ್ ಬೇಸಿಗೆಯ ಆಟ, ಫುಟ್‌ಬಾಲ್ ಮಳೆಗಾಲದ ಆಟ.

ನಿಮ್ಮ ಊರಿನಲ್ಲಿಯೂ ಹೀಗೆಯೇ ಇತ್ತೇ? ಮೆಟ್ಟಿಲು ಮೆಟ್ಟಿಲಾಗಿರುವ ಗದ್ದೆಯಲ್ಲಿ ಬೌಂಡರಿಯನ್ನು ಹೇಗೆ ಗುರುತಿಸುತ್ತಿದ್ದಿರಿ? ಚೆಂಡು ತೋಟದೊಳಗೆ ಬಿದ್ದರೆ ಸಿಕ್ಸರೋ ಔಟೋ? ಫುಟ್‌ಬಾಲಿನಲ್ಲಿ ಒಂದು ತಂಡಕ್ಕೆ ಎಷ್ಟು ಜನ? ನೆನಪಿರುವುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.

ಹಳೆಯ ಪಿ.ಟಿ. ಮಾಷ್ಟ್ರು:

ಸೋಮವಾರಪೇಟೆ ಮತ್ತು ಸುಂಟಿಕೊಪ್ಪ ಭಾಗದ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು ನಾನು. ಮಳೆಗಾಲಕ್ಕೆ ಫುಟ್‌ಬಾಲ್ ಎಂಬುದು ಜಿಲ್ಲೆಯ ಪಶ್ಚಿಮದ ಊರುಗಳ ಅನುಭವವಿರಬಹುದು, ಅದನ್ನು ಇಡೀ ಕೊಡಗಿನ ರೂಢಿ ಎಂದು ದಯವಿಟ್ಟು ಬರೆಯಬೇಡಿ. ಭಾಗಮಂಡಲ, ನಾಪೋಕ್ಲು ಕಡೆಯ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರವಿದೆ. ನಮ್ಮ ಪೂರ್ವದ ಕಡೆ ಜೂನ್ ತಿಂಗಳಿನಲ್ಲಿಯೂ ಕ್ರಿಕೆಟ್ ಆಡುವಷ್ಟು ಬಿಸಿಲು ಕೆಲವು ದಿನ ಸಿಗುತ್ತಿತ್ತು, ಫುಟ್‌ಬಾಲ್ ಅಂತೂ ವರ್ಷವಿಡೀ ನಡೆಯುತ್ತಿತ್ತು. ದೊಡ್ಡ ಫುಟ್‌ಬಾಲ್ ಪಂದ್ಯಾವಳಿಗಳೆಲ್ಲ ನಡೆಯುತ್ತಿದ್ದುದು ಬೇಸಿಗೆಯಲ್ಲಿಯೇ. ಸುಂಟಿಕೊಪ್ಪದ ಗೋಲ್ಡ್ ಕಪ್ ಪಂದ್ಯಾವಳಿಯನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ. ಹೊರಜಿಲ್ಲೆಯ ತಂಡಗಳನ್ನು ಕರೆಸಿ, ಗ್ಯಾಲರಿ ಕಟ್ಟಿ, ಟಿಕೆಟ್ ಮಾರಿ ನಡೆಸುವ ಆಟವನ್ನು ಆಷಾಢದ ಮಳೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ಮಳೆಯಲ್ಲಿ ಆಡುವುದಕ್ಕೆ ಇನ್ನೊಂದು ಅಡ್ಡಿಯಿತ್ತು, ಅದು ಚೆಂಡು. ಈಗಿನ ಕೃತಕ ಹೊದಿಕೆಯ ಚೆಂಡು ನೀರು ಕುಡಿಯುವುದಿಲ್ಲ. ಆಗ ಇದ್ದುದು ಚರ್ಮದ ಚೆಂಡು, ಒಳಗೆ ರಬ್ಬರಿನ ಬ್ಲಾಡರ್, ಬಾಯಿಗೆ ಚರ್ಮದ ದಾರ. ನಿಯಮದ ಪ್ರಕಾರ ಪಂದ್ಯದ ಆರಂಭದಲ್ಲಿ ಚೆಂಡು 410ರಿಂದ 450 ಗ್ರಾಂ ತೂಗಬೇಕು. ಆದರೆ ಅರ್ಧ ಗಂಟೆ ಕೆಸರಿನಲ್ಲಿ ಹೊರಳಿದ ಚರ್ಮದ ಚೆಂಡು ನೀರು ಹೀರಿ ಎಷ್ಟು ಭಾರವಾಗುತ್ತಿತ್ತೆಂದರೆ ಬರಿಗಾಲಿನ ಹುಡುಗರು ಅದನ್ನು ಮೇಲೆತ್ತಿ ಹೊಡೆಯುವ ಆಸೆಯನ್ನೇ ಬಿಟ್ಟು ನೆಲದ ಮೇಲೆ ತಳ್ಳುತ್ತಿದ್ದರು. ತಲೆಯಿಂದ ಹೊಡೆದವರ ಹಣೆಯ ಮೇಲೆ ದಾರದ ಗುರುತು ಎರಡು ದಿನ ಇರುತ್ತಿತ್ತು. ಆಟ ಮುಗಿದ ಮೇಲೆ ಚೆಂಡನ್ನು ಒಲೆಯ ಹತ್ತಿರ ಇಟ್ಟರೆ ಚರ್ಮ ಬಿರುಕು ಬಿಡುತ್ತದೆ, ಹಾಗೆಯೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಹರಳೆಣ್ಣೆ ಸವರಿ ಅಟ್ಟದ ಮೇಲೆ ಇಡುವುದನ್ನು ನಾನು ಮಕ್ಕಳಿಗೆ ಕಲಿಸಿದ್ದೆ. ಹೊಲಿಗೆ ಬಿಟ್ಟಾಗ ಸಂತೆಯ ದಿನ ಚಪ್ಪಲಿ ಹೊಲಿಯುವವರ ಮುಂದೆ ಇಡೀ ತಂಡವೇ ಕುಳಿತಿರುತ್ತಿತ್ತು.

ತಂಡದ ಸಂಖ್ಯೆಯ ಬಗ್ಗೆ ಕೇಳಿದ್ದೀರಿ. ಹನ್ನೊಂದು ಜನರ ಫುಟ್‌ಬಾಲಿಗೆ ಸುಮಾರು ನೂರು ಮೀಟರ್ ಉದ್ದದ ಸಮತಟ್ಟು ನೆಲ ಬೇಕು. ನಮ್ಮ ಗ್ರಾಮೀಣ ಶಾಲೆಗಳ ಮೈದಾನಗಳು ಗುಡ್ಡ ಕಡಿದು ಮಾಡಿದವು. ಒಂದು ಪಕ್ಕ ಬರೆ (ಕಡಿದ ಗುಡ್ಡದ ಗೋಡೆ), ಇನ್ನೊಂದು ಪಕ್ಕ ಕೊಲ್ಲಿ (ಕಮರಿ). ಅದರಲ್ಲಿ ಏಳು ಜನರ ಆಟವೇ ಹೆಚ್ಚು, ಕೆಲವು ಕಡೆ ಐದು ಜನರ ಆಟ. ಆಫ್‌ಸೈಡ್ ನಿಯಮವನ್ನು ಕೈಬಿಟ್ಟಿದ್ದಕ್ಕೆ ಅಜ್ಞಾನ ಕಾರಣವಲ್ಲ; ಅಷ್ಟು ಸಣ್ಣ ನೆಲದಲ್ಲಿ, ಲೈನ್ಸ್‌ಮನ್ ಇಲ್ಲದೆ, ಅದನ್ನು ಜಾರಿ ಮಾಡುವುದು ಸಾಧ್ಯವೇ ಇರಲಿಲ್ಲ. ಬರೆಗೆ ತಾಗಿ ಹಿಂದಕ್ಕೆ ಬಂದ ಚೆಂಡು ಆಟದಲ್ಲಿಯೇ ಇರುತ್ತದೆ, ಕೊಲ್ಲಿಗೆ ಹೋದ ಚೆಂಡನ್ನು ಹೊಡೆದವನೇ ತರಬೇಕು. ನೀವು ನಿಯಮಾವಳಿ ಬರೆಯುವುದಾದರೆ ಈ ಎರಡನ್ನು ಬಿಡಬೇಡಿ. ಹಳೆಯ ಕ್ರಮ ಎಂಬ ಅಭಿಮಾನದಿಂದ ಮಕ್ಕಳ ಕೈಗೆ ಚರ್ಮದ ಚೆಂಡನ್ನು ಮಾತ್ರ ಕೊಡಬೇಡಿ.

ಕಣದ ಮನೆ:

ನಾನು ಪೊನ್ನಂಪೇಟೆ ಹತ್ತಿರದವಳು. ಮಾಷ್ಟ್ರು ಮೈದಾನದ ಬಗ್ಗೆ ಹೇಳಿದರು, ಪ್ರಶ್ನೆ ಕೇಳಿದವರು ಗದ್ದೆಯ ಬಗ್ಗೆ ಹೇಳಿದರು. ಹೆಣ್ಣುಮಕ್ಕಳಾದ ನಮಗೆ ಎರಡೂ ಇರಲಿಲ್ಲ. ಗದ್ದೆಯಲ್ಲಿ ಅಣ್ಣಂದಿರು ಆಡುವಾಗ ನಮ್ಮನ್ನು ಸೇರಿಸಿಕೊಳ್ಳುತ್ತಿದ್ದುದು ತೋಟದ ಅಂಚಿನಲ್ಲಿ ನಿಂತು ಚೆಂಡು ಹೆಕ್ಕಿ ಕೊಡುವುದಕ್ಕೆ ಮಾತ್ರ. ನಾವು ಬ್ಯಾಟು ಹಿಡಿದದ್ದು ಕಾಫಿ ಕಣದಲ್ಲಿ. ಈ ಜಾಗವನ್ನು ಯಾರೂ ಇನ್ನೂ ಹೆಸರಿಸದಿದ್ದುದರಿಂದ ವಿವರವಾಗಿ ಬರೆಯುತ್ತೇನೆ.

ಸಿಮೆಂಟಿನ ಕಣಕ್ಕಿಂತ ಒಳ್ಳೆಯ ಪಿಚ್ ಊರಿನಲ್ಲಿ ಬೇರೆ ಇರಲಿಲ್ಲ. ಚೆಂಡು ಒಂದೇ ಸಮನೆ ಪುಟಿಯುತ್ತದೆ, ಮಳೆ ನಿಂತ ಅರ್ಧ ಗಂಟೆಗೆ ಒಣಗುತ್ತದೆ. ಆದರೆ ಆಡಬೇಕಾದ ಕಾಲಕ್ಕೆ ಅದು ಖಾಲಿ ಇರುವುದಿಲ್ಲ. ಡಿಸೆಂಬರಿನಲ್ಲಿ ಅರೇಬಿಕಾ ಬರುತ್ತದೆ, ಅದು ಒಣಗುವ ಹೊತ್ತಿಗೆ ರೋಬಸ್ಟಾ ಕುಯ್ಲು ಆರಂಭವಾಗಿ ಮಾರ್ಚಿನವರೆಗೂ ಕಣದ ತುಂಬ ಹಣ್ಣು ಹರಡಿರುತ್ತದೆ, ನಡುವೆ ಕಾಳುಮೆಣಸು ಬೇರೆ. ಆ ದಿನಗಳಲ್ಲಿ ಕಾಫಿಯನ್ನು ಒಂದು ಬದಿಗೆ ಎಳೆದು ರಾಶಿ ಮಾಡಿದಾಗ ಉಳಿಯುವ ಓಣಿಯಷ್ಟು ಜಾಗದಲ್ಲಿ ಸಂಜೆ ಆಡುತ್ತಿದ್ದೆವು. ಚೆಂಡು ಒಣಗುತ್ತಿರುವ ಕಾಫಿಗೆ ಬಿದ್ದರೆ ಔಟ್, ರಾಶಿಯನ್ನು ತುಳಿದರೆ ಆ ದಿನದ ಆಟವೇ ಮುಗಿಯಿತು. ಅಂಪೈರು ನಮ್ಮ ಅಜ್ಜಿ. ಅವರಿಗೆ ಕ್ರಿಕೆಟ್ ಗೊತ್ತಿರಲಿಲ್ಲ, ಕಾಫಿ ಗೊತ್ತಿತ್ತು. ಆದ್ದರಿಂದ ಅವರ ತೀರ್ಪನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ಬ್ಯಾಟು ಎಂದರೆ ಸಿಲ್ವರ್ ಓಕಿನ ಹಲಗೆಯ ತುಂಡು, ಅದೂ ಇಲ್ಲದಿದ್ದರೆ ತೆಂಗಿನ ಮಡಲಿನ ಬುಡ. ಸ್ಟಂಪಿನ ಬದಲು ಸೀಮೆಎಣ್ಣೆಯ ಡಬ್ಬ. ಚೆಂಡು ತಾಗಿತೋ ಇಲ್ಲವೋ ಎಂಬ ವಾದಕ್ಕೆ ಅವಕಾಶವೇ ಇಲ್ಲ, ಸದ್ದು ಇಡೀ ಮನೆಗೆ ಕೇಳಿಸುತ್ತದೆ. ಕೈ ಎತ್ತಿ ಬೌಲ್ ಮಾಡುವಂತಿಲ್ಲ, ಕೆಳಗಿನಿಂದಲೇ ಎಸೆಯಬೇಕು. ಒಂದು ಸಲ ಪುಟಿದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಕ್ಯಾಚ್. ಮಾಡಿನ ಮೇಲೆ ಬಿದ್ದು ಉರುಳಿ ಬರುವ ಚೆಂಡನ್ನು ಹಿಡಿದರೂ ಔಟ್, ಹೆಂಚು ಒಡೆದರೆ ಮಾತ್ರ ಔಟಿಗಿಂತ ದೊಡ್ಡ ಶಿಕ್ಷೆ ಕಾದಿರುತ್ತಿತ್ತು. ಆಡುವವರ ಸಂಖ್ಯೆ ಬೆಸವಾದರೆ ಉಳಿದ ಒಬ್ಬರು ಜೋಕರ್, ಎರಡು ಕಡೆಗೂ ಬ್ಯಾಟ್ ಮಾಡುತ್ತಾರೆ. ಚಿಕ್ಕವಳೆಂದು ನನ್ನನ್ನು ಯಾವಾಗಲೂ ಜೋಕರ್ ಮಾಡುತ್ತಿದ್ದುದರಿಂದ ಅಣ್ಣಂದಿರಿಗಿಂತ ಇಮ್ಮಡಿ ಬ್ಯಾಟಿಂಗ್ ಸಿಕ್ಕಿತು ಎಂಬುದನ್ನು ಅವರು ಬಹಳ ತಡವಾಗಿ ಗಮನಿಸಿದರು.

ನಾಲ್ಕುನಾಡಿನ ಅಣ್ಣನವರೇ, ನಿಮ್ಮ ಪಂದ್ಯದಲ್ಲಿ ಹೆಣ್ಣುಮಕ್ಕಳ ತಂಡವಿದೆಯೇ? ಹಳೆಯ ಕ್ರಮದಲ್ಲಿ ಅವರಿರಲಿಲ್ಲ ಎಂದು ಮಾತ್ರ ಹೇಳಬೇಡಿ. ಇದ್ದರು, ಕಣದಲ್ಲಿದ್ದರು.

ಕುಶಾಲನಗರ ೧:

ಎಲ್ಲವೂ ಚೆನ್ನಾಗಿದೆ. ಆದರೆ ಈಗ ಯಾರು ಆಡುತ್ತಾರೆ? ಮೊಬೈಲ್ ಬಂದ ಮೇಲೆ ಮಕ್ಕಳು ಅಂಗಳಕ್ಕೇ ಇಳಿಯುವುದಿಲ್ಲ. ಹಳ್ಳಿಯ ಆಟ ಮುಗಿದದ್ದು ಅದರಿಂದಲೇ.

ಮೇಲ್ಗದ್ದೆ:

ಮೇಲಿನ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ನಮ್ಮ ಊರಿನ ಗದ್ದೆ ಕ್ರಿಕೆಟ್ ನಿಂತಾಗ ಊರಿಗೆ ಮೊಬೈಲ್ ಇರಲಿ, ಎಲ್ಲ ಮನೆಗಳಿಗೆ ದೂರವಾಣಿಯೂ ಬಂದಿರಲಿಲ್ಲ. ಆಟ ನಿಂತದ್ದು ನೆಲ ಹೋದದ್ದರಿಂದ. ನಾನು ಮಡಿಕೇರಿ ತಾಲೂಕಿನ ಸಣ್ಣ ಬೆಳೆಗಾರ, ಈಗಲೂ ಸ್ವಲ್ಪ ಭತ್ತ ಬೆಳೆಯುತ್ತೇನೆ. ಆ ನೆಲ ಹೇಗೆ ಸಿದ್ಧವಾಗುತ್ತಿತ್ತು ಎಂಬುದನ್ನು ಹೇಳಿದರೆ ಅದು ಹೇಗೆ ಹೋಯಿತು ಎಂಬುದೂ ಅರ್ಥವಾದೀತು.

ಕ್ರಿಕೆಟ್ಟಿಗೆ ಎಲ್ಲ ಗದ್ದೆಯೂ ಆಗುವುದಿಲ್ಲ. ತೋಡಿನ ಪಕ್ಕದ ಕೆಳಗದ್ದೆಗಳಲ್ಲಿ ಫೆಬ್ರವರಿಯವರೆಗೂ ಕಾಲು ಹೂಳುತ್ತದೆ. ಮೇಲಿನ ಮಡಿಗಳು, ಅಂದರೆ ಬದುಗಳ ನಡುವಿನ ತುಂಡುಗದ್ದೆಗಳು, ಮೊದಲು ಒಣಗುತ್ತವೆ, ಆದರೆ ಅವು ಅಗಲ ಕಡಿಮೆ. ಕ್ರಿಕೆಟ್ ಪಿಚ್ಚಿಗೆ 22 ಗಜ, ಅಂದರೆ 20.12 ಮೀಟರ್ ಬೇಕು, ಬೌಲರಿನ ಓಟಕ್ಕೆ ಬೇರೆ ಜಾಗ. ಆದ್ದರಿಂದ ಉದ್ದನೆಯ ಒಂದು ಮಡಿಯನ್ನು ಆರಿಸಿ, ಕೂಳೆಯನ್ನು ಕತ್ತಿಯಿಂದ ನೆಲಮಟ್ಟಕ್ಕೆ ಸವರಿ, ತೋಡಿನ ನೀರು ಚಿಮುಕಿಸಿ, ನೆಲ ಬಡಿಯುವ ದಿಮ್ಮಸಿನಿಂದ ಬಡಿದು, ಕೊನೆಗೆ ಭತ್ತದ ಕಣಕ್ಕೆ ಬಳಿಯುವಂತೆಯೇ ಸಗಣಿ ನೀರು ಬಳಿಯುತ್ತಿದ್ದೆವು. ಇಷ್ಟಾದರೂ ಮಾರ್ಚಿನ ಬಿಸಿಲಿಗೆ ಗದ್ದೆಯ ಮಣ್ಣು ಬಿರಿಯುತ್ತಿತ್ತು. ಬಿರುಕಿನ ಅಂಚಿಗೆ ಬಿದ್ದ ಟೆನಿಸ್ ಚೆಂಡು ಯಾವ ಕಡೆಗೆ ತಿರುಗುತ್ತದೆ ಎಂಬುದು ಬೌಲರಿಗೂ ಗೊತ್ತಿರುತ್ತಿರಲಿಲ್ಲ. ನಮ್ಮೂರಿನಲ್ಲಿ ಸ್ಪಿನ್ನರುಗಳೆಂದು ಹೆಸರಾದವರಲ್ಲಿ ಅರ್ಧದಷ್ಟು ಜನರನ್ನು ಆ ಬಿರುಕುಗಳೇ ಮಾಡಿದ್ದು.

ಬೌಂಡರಿಯ ಬಗ್ಗೆ ಕೇಳಿದ್ದಿರಿ. ನಮ್ಮಲ್ಲಿ ಬದುವೇ ಬೌಂಡರಿ. ಕೆಳಗಿನ ಮಡಿಗೆ ಉರುಳಿದರೆ ಎರಡು, ಅದರ ಕೆಳಗಿನ ಮಡಿಗೆ ಹೋದರೆ ನಾಲ್ಕು. ಮೇಲಿನ ಮಡಿಗೆ ನೆಲ ತಾಗದೆ ಏರಿದರೆ ಆರು, ಏಕೆಂದರೆ ಮೇಲಕ್ಕೆ ಹೊಡೆಯುವುದು ನಿಜವಾಗಿಯೂ ಕಷ್ಟ. ಎಲ್.ಬಿ.ಡಬ್ಲ್ಯು. ಇರಲಿಲ್ಲ. ಮೊದಲನೆಯ ಚೆಂಡು ಟ್ರಯಲ್. ಬದುವನ್ನು ಓಡುತ್ತಾ ತುಳಿದು ಕುಸಿಯುವಂತೆ ಮಾಡಬಾರದು ಎಂಬುದು ಗದ್ದೆಯವರು ಹಾಕಿದ ಷರತ್ತು. ಅದನ್ನು ಮುರಿದವರು ಮೇ ತಿಂಗಳಿನಲ್ಲಿ ಬದು ಕಟ್ಟಿಕೊಡಬೇಕಾಗಿತ್ತು. ಏಪ್ರಿಲಿನಲ್ಲಿ ಎರಡು ಮಳೆ ಬಿದ್ದು ಉಳುಮೆಗೆ ಹದ ಬಂತೆಂದರೆ ಪಿಚ್ ಇದ್ದ ಮಡಿಯ ಮೇಲೆಯೇ ನೇಗಿಲು ಹೋಗುತ್ತಿತ್ತು. ಯಾರೂ ಬೇಸರಪಡುತ್ತಿರಲಿಲ್ಲ, ಗದ್ದೆ ಇರುವುದು ಅದಕ್ಕೇ.

ಫುಟ್‌ಬಾಲಿಗೆ ಬಾಣೆ. ಹೊರಗಿನವರಿಗಾಗಿ ಹೇಳುತ್ತೇನೆ: ಕೊಡಗಿನಲ್ಲಿ ಗದ್ದೆಯ ಜೊತೆಗೆ, ದನ ಮೇಯಿಸಲು ಮತ್ತು ಸೌದೆ ಸೊಪ್ಪಿಗಾಗಿ ಮೇಲಿನ ಒಣಭೂಮಿಯನ್ನೂ ಬಿಟ್ಟುಕೊಡುವ ಪದ್ಧತಿಯಿತ್ತು, ಅದೇ ಬಾಣೆ. ದನ ಮೇಯ್ದು ಹುಲ್ಲು ಗಿಡ್ಡವಾಗಿರುತ್ತಿದ್ದ, ಸ್ವಲ್ಪ ಇಳಿಜಾರಾದ ಬಾಣೆಯಲ್ಲಿ ಹಾಫ್‌ಟೈಮಿಗೆ ಕಡೆ ಬದಲಿಸುವುದಕ್ಕೆ ನಿಜವಾದ ಅರ್ಥವಿತ್ತು. ಟಾಸ್ ಗೆದ್ದವರು ಮೊದಲು ಮೇಲಕ್ಕೆ ಆಡಿ, ದಣಿದ ಮೇಲೆ ಕೆಳಕ್ಕೆ ಆಡುವುದನ್ನು ಆರಿಸಿಕೊಳ್ಳುತ್ತಿದ್ದರು.

ಆ ಬಾಣೆಗಳು ಈಗ ಕಾಫಿ ತೋಟಗಳಾಗಿವೆ. ಇದು ಒಂದೇ ದಿನದಲ್ಲಿ ಆದದ್ದಲ್ಲ, ಹಿಂದಿನಿಂದಲೂ ನಡೆದೇ ಇತ್ತು. ಆದರೆ ನನ್ನ ಕಣ್ಣೆದುರು ವೇಗ ಹೆಚ್ಚಿದ್ದು 1990ರ ದಶಕದಲ್ಲಿ. ಕಾಫಿ ಮಂಡಳಿಗೇ ಮಾರಬೇಕೆಂಬ ಪೂಲ್ ಪದ್ಧತಿ ಆ ದಶಕದಲ್ಲಿ ಹಂತ ಹಂತವಾಗಿ ಸಡಿಲಗೊಂಡು ಬೆಳೆಗಾರರು ನೇರವಾಗಿ ಮಾರುವಂತಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಬೆಳೆ ಹಾಳಾದಾಗ ಧಾರಣೆ ಒಮ್ಮೆಗೇ ಏರಿತು. ಹುಲ್ಲು ಬೆಳೆಯುತ್ತಿದ್ದ ನೆಲದಲ್ಲಿ ಗಿಡ ನೆಡದವನನ್ನು ಊರು ದಡ್ಡನೆಂದು ಕರೆಯುವ ಕಾಲ ಅದು. ನಮ್ಮ ಬಾಣೆಯಲ್ಲಿ ಗೋಲ್ ಪೋಸ್ಟಿನ ಬಿದಿರು ನೆಡುತ್ತಿದ್ದ ಗುಂಡಿಗಳ ಸಾಲಿನಲ್ಲಿಯೇ ಕಾಫಿ ಗುಂಡಿಗಳೂ ಬಂದವು, ಅವನ್ನು ತೋಡಿದ ಕೂಲಿಯವರಲ್ಲಿ ನಮ್ಮ ಗೋಲಿಯೂ ಇದ್ದನು.

ಗದ್ದೆಯ ಕಥೆ ಸ್ವಲ್ಪ ನಂತರದ್ದು. ನಾಟಿಗೆ ಆಳು ಸಿಗುವುದಿಲ್ಲ, ಖರ್ಚಿಗೆ ತಕ್ಕ ಹುಟ್ಟುವಳಿ ಇಲ್ಲ, ಕದಿರು ಬಂದ ಮೇಲೆ ಆನೆ ಇಳಿಯುತ್ತದೆ. ಕೆಲವರು ಶುಂಠಿಗೆ ಗುತ್ತಿಗೆ ಕೊಟ್ಟರು, ಕೆಲವರು ತೋಟ ಮಾಡಿದರು, ಬಹಳ ಜನ ಪಾಳು ಬಿಟ್ಟರು. ಪಾಳು ಗದ್ದೆಯಲ್ಲಿ ಆಡಬಹುದಲ್ಲ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ವರ್ಷಕ್ಕೊಮ್ಮೆ ಉತ್ತು, ನೀರು ನಿಲ್ಲಿಸಿ, ಮಟ್ಟ ಮಾಡಿ, ಕೊಯ್ದರೆ ಮಾತ್ರ ಗದ್ದೆ ಮೈದಾನದಂತಿರುತ್ತದೆ. ಎರಡು ವರ್ಷ ಬಿಟ್ಟರೆ ಆಳೆತ್ತರದ ಹುಲ್ಲು, ಪೊದೆ, ಹಾವು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಕುಸಿದಾಗ ಎಷ್ಟೋ ಗದ್ದೆಗಳ ಮೇಲೆ ಕಲ್ಲು ಮಣ್ಣು ತುಂಬಿತು. ಆ ಗದ್ದೆಗಳ ಮಾತು ಬೇರೆಯೇ.

ಹುಡುಗರು ಆಡುವುದನ್ನು ಬಿಟ್ಟಿಲ್ಲ. ಮಡಿಕೇರಿಗೋ ವಿರಾಜಪೇಟೆಗೋ ಹೋಗಿ ಟರ್ಫಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಆಡುತ್ತಾರೆ. ಹಣ ಕೊಟ್ಟು ಆಡುವವರನ್ನು ಆಟದಲ್ಲಿ ಆಸಕ್ತಿ ಇಲ್ಲದವರೆಂದು ಹೇಗೆ ಕರೆಯುವುದು?

ಲೈನ್ ಮನೆಯ ಹುಡುಗ:

ಮೇಲ್ಗದ್ದೆಯವರ ಮಾತು ಸ್ವಂತ ನೆಲವಿದ್ದವರ ದೃಷ್ಟಿಯಿಂದ ಸರಿಯಾಗಿದೆ. ನಾನು ಸಿದ್ದಾಪುರ ಸಮೀಪದ ತೋಟವೊಂದರ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ಬೆಳೆದವನು. ನಮಗೆ ಗದ್ದೆಯೂ ಇರಲಿಲ್ಲ, ಬಾಣೆಯೂ ಇರಲಿಲ್ಲ. ಲೈನಿನ ಮುಂದಿನ ಅಂಗಳ ಮತ್ತು ಪೈಸಾರಿ ಎಂಬ ಸರ್ಕಾರಿ ಜಾಗದ ಒಂದು ತುಂಡು ಮಾತ್ರ ನಮ್ಮದಾಗಿತ್ತು. ಅಲ್ಲಿ ಕ್ರಿಕೆಟ್ಟಿಗಿಂತ ಫುಟ್‌ಬಾಲ್ ಮೇಲಾದದ್ದಕ್ಕೆ ಕಾರಣ ಸರಳ: ಒಂದು ಚೆಂಡಿನಲ್ಲಿ ಇಪ್ಪತ್ತು ಜನ ಒಟ್ಟಿಗೆ ಆಡಬಹುದು, ಸರದಿಗಾಗಿ ಯಾರೂ ಕಾಯಬೇಕಾಗಿಲ್ಲ. ಚೆಂಡಿಲ್ಲದ ದಿನ ಬಲಿಯದ ಚಕ್ಕೋತ ಕಾಯಿಯನ್ನು ಬಿಸಿಬೂದಿಯಲ್ಲಿ ಹೂತು ಮೆತ್ತಗಾಗಿಸಿ ಆಡುತ್ತಿದ್ದೆವು, ಅದು ಸಂಜೆಯವರೆಗೆ ಬಾಳಿಕೆ ಬರುತ್ತಿತ್ತು.

ಇನ್ನೊಂದು ಕಾರಣ ಕೇರಳದ ಗಡಿ. ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಕುಟ್ಟ ದಾಟಿದರೆ ವಯನಾಡು. ಅಲ್ಲಿಂದ ಕೆಲಸಕ್ಕೆ ಬಂದವರು ಮಲಬಾರಿನ ಸೆವೆನ್ಸ್ ಆಟವನ್ನು ಜೊತೆಗೆ ತಂದರು. ಹಳ್ಳಿಯ ಮೈದಾನ ಚಿಕ್ಕದಾದುದರಿಂದ ಏಳು ಜನ ಆಡುತ್ತಿದ್ದರು ಎಂದು ಮಾಷ್ಟ್ರು ಬರೆದಿದ್ದಾರೆ. ನಮ್ಮಲ್ಲಿ ಮೈದಾನ ದೊಡ್ಡದಿದ್ದರೂ ಏಳೇ ಜನ, ಏಕೆಂದರೆ ಹಿರಿಯರು ಅದನ್ನೇ ನಿಜವಾದ ಆಟವೆಂದು ತಿಳಿದಿದ್ದರು. ಒಂದೇ ತಂಡದಲ್ಲಿ ಮಲಯಾಳಿ, ತಮಿಳ, ಯರವ, ಕುರುಬ, ಬ್ಯಾರಿ ಹುಡುಗರು ಇರುತ್ತಿದ್ದರು. ತೋಟದಲ್ಲಿ ಮೇಸ್ತ್ರಿಯ ಮಗ ಮೇಸ್ತ್ರಿಯ ಮಗನೇ, ಆಟದಲ್ಲಿ ಅವನು ಚೆಂಡು ಬಿಟ್ಟರೆ ಎಲ್ಲರಿಂದಲೂ ಬೈಗುಳ ತಿನ್ನುತ್ತಿದ್ದ.

ಭಾನುವಾರ ತೋಟಕ್ಕೆ ರಜೆಯಾದ್ದರಿಂದ ಪಂದ್ಯವೆಲ್ಲ ಭಾನುವಾರ. ಒಂದು ತೋಟದ ಲೈನಿಗೂ ಇನ್ನೊಂದು ತೋಟದ ಲೈನಿಗೂ ಬೆಟ್ ಮ್ಯಾಚ್. ಪಣ ಒಂದು ಬಾಳೆಗೊನೆ, ಹಬ್ಬದ ಸಮಯವಾದರೆ ಹುಂಜ. ಬೂಟು ಇದ್ದದ್ದು ತಂಡಕ್ಕೆ ಒಂದೇ ಜೊತೆ. ಎಡಗಾಲಿನಿಂದ ಹೊಡೆಯುವವನೊಬ್ಬ ಎಡದ್ದನ್ನು, ಬಲಗಾಲಿನವನೊಬ್ಬ ಬಲದ್ದನ್ನು ಹಾಕಿಕೊಂಡು ಆಡಿದ್ದನ್ನು ನಾನೇ ನೋಡಿದ್ದೇನೆ. ಎದುರಿನ ತಂಡ ಪೂರ್ತಿ ಬರಿಗಾಲಿನಲ್ಲಿದ್ದರೆ ಬೂಟು ಬಿಚ್ಚಿ ಇಡಬೇಕಾಗಿತ್ತು. ಯಾರೂ ಬರೆದಿಟ್ಟಿರದ ಈ ನಿಯಮವನ್ನು ಯಾರೂ ಮುರಿದದ್ದಿಲ್ಲ. ಮಳೆಗಾಲದಲ್ಲಿಯೂ ಆಡುತ್ತಿದ್ದೆವು. ಹಾಫ್‌ಟೈಮಿನಲ್ಲಿ ನಿಂಬೆಹಣ್ಣಿನ ಬದಲು ಉಪ್ಪು ಹಂಚುತ್ತಿದ್ದುದು ಕಾಲಿನ ಜಿಗಣೆ ಬಿಡಿಸುವುದಕ್ಕೆ.

ಕೊಡಗಿನ ಆಟವೆಂದರೆ ಹಾಕಿ ಎಂದೇ ಹೊರಗಿನವರು ತಿಳಿಯುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳ ತಂಡಗಳಿಂದ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಹಬ್ಬ ಇಂದು ಎಷ್ಟು ದೊಡ್ಡದಾಗಿದೆ ಎಂಬುದು ಎಲ್ಲರಿಗೂ ಗೊತ್ತು, ಅದನ್ನು ನಾನೂ ಹೆಮ್ಮೆಯಿಂದಲೇ ನೋಡಲು ಹೋಗುತ್ತೇನೆ. ಆದರೆ ಕುಟುಂಬದ ಹೆಸರಿನಲ್ಲಿ ತಂಡ ಕಟ್ಟುವ ಆಟದಲ್ಲಿ ಲೈನಿನ ಹುಡುಗ ನೋಡುಗನೇ. ನಮಗೆ ಆಡಲು ಇದ್ದದ್ದು ಫುಟ್‌ಬಾಲ್. ನಿಮ್ಮ ಊರಿನ ಪಂದ್ಯಕ್ಕೆ ಹತ್ತಿರದ ತೋಟಗಳ ಲೈನಿನಿಂದಲೂ ಒಂದು ತಂಡವನ್ನು ಕರೆಯುವುದಾದರೆ ಅದು ಹಳೆಯ ಕ್ರಮಕ್ಕೆ ಹತ್ತಿರವಾಗುತ್ತದೆ.

ನಾಲ್ಕುನಾಡಿನವನು:

ಇಷ್ಟೊಂದು ವಿವರಗಳನ್ನು ನಾನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಮಾಷ್ಟ್ರೇ, ಮಳೆಗಾಲದ ಫುಟ್‌ಬಾಲನ್ನು ನಮ್ಮ ಊರಿನ ರೂಢಿ ಎಂದಷ್ಟೇ ಬರೆಯುತ್ತೇನೆ. ಫುಟ್‌ಬಾಲ್ ಏಳು ಜನರದ್ದು, ಆಫ್‌ಸೈಡ್ ಇಲ್ಲ, ಎಲ್ಲರೂ ಬರಿಗಾಲು ಅಥವಾ ಎಲ್ಲರೂ ಬೂಟು, ಚೆಂಡು ಈಗಿನದೇ. ಕ್ರಿಕೆಟ್ಟಿಗೆ ಟೆನಿಸ್ ಚೆಂಡು, ಬದುವಿನ ಲೆಕ್ಕ ಮೇಲ್ಗದ್ದೆಯವರು ಹೇಳಿದಂತೆ. ಕಣದ ಮನೆಯ ಅಕ್ಕನವರ ಮಾತನ್ನು ಸಂಘದ ಸಭೆಯಲ್ಲಿ ಓದಿ ಹೇಳಿದೆ. ಹೆಣ್ಣುಮಕ್ಕಳ ಪಂದ್ಯವನ್ನು ನಮ್ಮ ದೊಡ್ಡಪ್ಪನವರ ಕಾಫಿ ಕಣದಲ್ಲಿ, ಸೀಮೆಎಣ್ಣೆ ಡಬ್ಬ ಇಟ್ಟು, ಜೋಕರ್ ಸಹಿತ ನಡೆಸುವುದೆಂದು ತೀರ್ಮಾನವಾಯಿತು. ಈಗ ಸೀಮೆಎಣ್ಣೆ ಡಬ್ಬವನ್ನು ಹುಡುಕುವುದೇ ದೊಡ್ಡ ಕೆಲಸ. ಲೈನಿನ ತಂಡವನ್ನು ಕರೆಯುವುದಕ್ಕೂ ಎಲ್ಲರೂ ಒಪ್ಪಿದ್ದಾರೆ.

ಒಂದು ಪ್ರಶ್ನೆ ಮಾತ್ರ ಉಳಿದಿದೆ. ತೋಟಕ್ಕೆ ನೇರವಾಗಿ ಬಿದ್ದ ಚೆಂಡನ್ನು ನಮ್ಮ ಕಡೆ ಔಟ್ ಎನ್ನುತ್ತಿದ್ದರು. ಸಂಘದ ಹುಡುಗರು ಇದನ್ನು ಅನ್ಯಾಯವೆಂದು ವಾದಿಸುತ್ತಿದ್ದಾರೆ. ಅಷ್ಟು ದೂರ ಹೊಡೆದವನಿಗೆ ಸಿಕ್ಸರ್ ಕೊಡದೆ ಔಟ್ ಕೊಡುವುದು ಯಾವ ನ್ಯಾಯ ಎಂದು ಕೇಳುತ್ತಾರೆ.

ಮೇಲ್ಗದ್ದೆ:

ಆ ಹುಡುಗರಲ್ಲಿ ತೋಟದ ಕೆಲಸ ಮಾಡಿದವರು ಯಾರೂ ಇಲ್ಲವೆಂದು ಕಾಣುತ್ತದೆ. ಕ್ರಿಕೆಟ್ ನಡೆಯುತ್ತಿದ್ದ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿಯೇ ಹೂಮಳೆ ಬರುತ್ತದೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ, ಅದಾದ ಮೇಲೆ ಕಾಯಿ ಕಚ್ಚುತ್ತದೆ. ಆ ಸಮಯದಲ್ಲಿ ಚೆಂಡು ಹುಡುಕುವ ನೆಪದಲ್ಲಿ ಹತ್ತು ಹುಡುಗರು ಗಿಡಗಳ ನಡುವೆ ನುಗ್ಗಿ ರೆಕ್ಕೆಗಳನ್ನು, ಅಂದರೆ ಅಡ್ಡಕೊಂಬೆಗಳನ್ನು, ಜಗ್ಗಾಡಿದರೆ ಮುಂದಿನ ವರ್ಷದ ಫಸಲು ಅಲ್ಲಿಯೇ ಉದುರುತ್ತದೆ. ಔಟ್ ಎಂಬ ನಿಯಮವಿದ್ದರೆ ಯಾರೂ ಆ ಕಡೆಗೆ ಹೊಡೆಯುವುದಿಲ್ಲ. ಸಿಕ್ಸರ್ ಕೊಡಲೇಬೇಕೆಂದರೆ ಮೇಲಿನ ಮಡಿಯ ಕಡೆಗೆ ಹೊಡೆಯಲಿ, ಅದಕ್ಕಾಗಿಯೇ ಆ ಕಡೆಗೆ ಆರು ರನ್ನು ಇಟ್ಟಿರುವುದು. ತೋಟದವರು ಮುಂದಿನ ವರ್ಷವೂ ಆಡಲು ಬಿಡಬೇಕಾದರೆ ಔಟನ್ನೇ ಇಟ್ಟುಕೊಳ್ಳಿ, ಚೆಂಡು ತರಲು ಒಬ್ಬನೇ ಹೋಗಲಿ.

ಹಳೆಯ ಪಿ.ಟಿ. ಮಾಷ್ಟ್ರು:

ಇದಕ್ಕೆ ನನ್ನ ಸಹಮತವಿದೆ. ದಿನಾಂಕವನ್ನು ಏಪ್ರಿಲ್ ಎರಡನೆಯ ವಾರದ ಆಚೆಗೆ ತಳ್ಳಬೇಡಿ. ಆಮೇಲೆ ಸಂಜೆಯ ಗುಡುಗು ಮಳೆ ಹೆಚ್ಚಾಗುತ್ತದೆ, ಗದ್ದೆಯವರು ಉಳುಮೆಗೆ ಇಳಿಯುತ್ತಾರೆ. ಕ್ರಿಕೆಟ್ಟನ್ನು ಬೆಳಿಗ್ಗೆಯೇ ಆರಂಭಿಸಿ. ಫುಟ್‌ಬಾಲಿನ ದಿನ ಮಳೆ ಬಂದರೆ ಪಂದ್ಯ ನಿಲ್ಲಿಸುವ ಅಗತ್ಯವಿಲ್ಲ, ಆದರೆ ಗುಡುಗು ಕೇಳಿಸಿದ ಕೂಡಲೇ ಎಲ್ಲರನ್ನೂ ಬಾಣೆಯಿಂದ ಕೆಳಗಿಳಿಸಿ. ರೆಫರಿ ಬೇಕಾದರೆ ತಿಳಿಸಿ, ನನ್ನ ಸೀಟಿ ಇನ್ನೂ ಸರಿಯಾಗಿದೆ.